ಸೋಪಿಟ್ಟ ಗೂಡು

ಚಿಪ್ಪಕ್ಕನಿಗೆ ಸಿಟ್ಟು ಬಂದರೆ ಅವಳು ಕೂಗಾಡುವುದಿಲ್ಲ, ಕಲ್ಲು ತೊಳೆಯುತ್ತಾಳೆ. ಹಲ್ಲುಜ್ಜುವ ಹಳೇ ಬ್ರಷ್ಷು ಹಿಡಿದು ತೊಟ್ಟಿಯ ಮುಂದೆ ನಿಂತಳೆಂದರೆ ಆ ಸದ್ದು ವಸ್ತುಸಂಗ್ರಹಾಲಯದ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ, ಟಿಕೆಟ್ ಕೊಡುವವನ ಕಿಟಕಿಯವರೆಗೂ ಹೋಗುತ್ತದೆ. ಆಗ ಮೇಲಿನವರು ಯಾರೂ ಕೆಳಗಿಳಿಯುವುದಿಲ್ಲ. ಜೀವದ ಮೇಲೆ ಆಸೆ ಎಲ್ಲರಿಗೂ ಇರುತ್ತದೆ. ಆ ಗುರುವಾರ ಕ್ಯುರೇಟರು ಇಳಿದು ಬಂದದ್ದು ಸದ್ದು ಶುರುವಾಗುವ ಮೊದಲು. ಶುರುವಾಗಲು ಕಾರಣವಾದ ಕಾಗದ ಅವರ ಕೈಯಲ್ಲೇ ಇತ್ತು.

ಸಿಹಿಸುದ್ದಿ ತಂದವರ ಮುಖ ಮಾಡಿಕೊಂಡು ಅವರು ಹೇಳಿದ್ದಿಷ್ಟು. ಚಿಪ್ಪಕ್ಕನ ತಮ್ಮ, ಅಂದರೆ ಪ್ರೊಫೆಸರು, ಒಂದು ಹೊಸ ಪ್ರಭೇದದ ಬಸವನಹುಳುವನ್ನು ಕಂಡುಹಿಡಿದಿದ್ದಾರೆ. ಅದಕ್ಕೆ ತೀರಿಹೋದ ತಂದೆಯ ಹೆಸರನ್ನೇ ಇಟ್ಟಿದ್ದಾರೆ. ಲೇಖನ ಅಚ್ಚಿಗೆ ಹೋಗುವುದು ನಾಳೆ ಸಂಜೆ ಐದಕ್ಕೆ. ಆ ಹುಳುವಿನ ಕಲ್ಲು ಇರುವುದು ಇಲ್ಲಿನ ನಲವತ್ತೊಂದನೆಯ ಖಾನೆಯಲ್ಲಿ. ಆದ್ದರಿಂದ ಸಂಗ್ರಹಾಲಯದವರು ಒಮ್ಮೆ ಕಣ್ಣಾಡಿಸಲಿ ಎಂದು ಕರಡು ಕಳಿಸಿದ್ದಾರೆ.

ಚಿಪ್ಪಕ್ಕ ಕೈ ಒರೆಸಿಕೊಂಡು ಕರಡು ತೆಗೆದುಕೊಂಡಳು. ತಮ್ಮ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಇಪ್ಪತ್ತೇಳು ವರ್ಷದಿಂದ ಅವಳ ಕೆಲಸ ಒಂದೇ: ಸುಣ್ಣದ ಕಲ್ಲಿನೊಳಗೆ ಸಿಕ್ಕಿಬಿದ್ದ ಸಮುದ್ರದ ಬಸವನಹುಳುಗಳನ್ನು ಬಿಡಿಸುವುದು, ಯಾವುದು ಯಾವುದೆಂದು ಹೇಳುವುದು. ಡೈನೋಸಾರುಗಳು ಇನ್ನೂ ಓಡಾಡಿಕೊಂಡಿದ್ದ ಕ್ರಿಟೇಶಿಯಸ್ ಕಾಲದಲ್ಲಿ ಈ ಊರಿರುವ ಜಾಗ ಕಡಲ ತಳವಾಗಿತ್ತು. ಹುಳು ಸತ್ತ ಮೇಲೆ ಅದರ ಚಿಪ್ಪಿನೊಳಗೆ ಕೆಸರು ತುಂಬಿ ಕಲ್ಲಾಗುತ್ತದೆ. ಹೊರಗೆ ಮೆತ್ತಿದ ಕೆಸರೂ ಕಲ್ಲಾಗುತ್ತದೆ. ನಡುವಿನ ಚಿಪ್ಪು ಮಾತ್ರ ಬರುಬರುತ್ತಾ ಕರಗಿ ನೀರುಪಾಲಾಗುತ್ತದೆ. ಉಳಿಯುವುದು ಎರಡೇ: ಒಳಗಿನ ಸುರುಳಿ ಗಟ್ಟಿ, ಹೊರಗಿನ ಪೊಳ್ಳು. ಗಣಿಯಲ್ಲಿ ಸಿಡಿಮದ್ದಿಗೆ ತೂತು ಕೊರೆಯುತ್ತಿದ್ದ ಅಪ್ಪ ಮೊದಲನೆಯದನ್ನು ತಿರುಳು ಎನ್ನುತ್ತಿದ್ದ, ಎರಡನೆಯದನ್ನು ಗೂಡು. ಪುಸ್ತಕಗಳಲ್ಲಿ ಬೇರೆ ಹೆಸರುಗಳಿವೆ. ಚಿಪ್ಪಕ್ಕ ಅಪ್ಪನ ಮಾತನ್ನೇ ಉಳಿಸಿಕೊಂಡಿದ್ದಳು.

ನೋಡಲು ಚೆಂದ ತಿರುಳೇ. ದುಂಡಗೆ, ಕೈಗೆ ಹಿತವಾಗಿ ಇರುತ್ತದೆ. ಮೇಲಿನ ಮಹಡಿಯ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟಿರುವುದೆಲ್ಲ ಅದನ್ನೇ. ಆದರೆ ತಿರುಳು ನೋಡಿ ಹುಳು ಯಾವುದೆಂದು ಹೇಳುವುದೆಂದರೆ ಬರಿಮೈ ನೋಡಿ ಅಂಗಿಯ ಬಣ್ಣ ಹೇಳಿದ ಹಾಗೆ. ಚಿಪ್ಪಿನ ಹೊರಮೈ ಮೇಲಿನ ಏಣು, ಗುಳ್ಳೆ, ಗೀರು ಎಲ್ಲ ಅಚ್ಚೊತ್ತಿರುವುದು ಗೂಡಿನಲ್ಲಿ. ಅದರೊಳಗೆ ರಬ್ಬರ್ ಹಾಲು ಹುಯ್ದು, ಒಣಗಿಸಿ, ಎಳೆದು ತೆಗೆದರೆ ಕರಗಿಹೋದ ಚಿಪ್ಪು ಹೇಗಿತ್ತೋ ಹಾಗೆ ಎದ್ದು ಬರುತ್ತದೆ. ಗಣಿಯವರಿಗೆ ಇದು ಗೊತ್ತಿರುವುದಿಲ್ಲ. ತಿರುಳು ಆರಿಸಿಕೊಂಡು ಗೂಡನ್ನು ಎಸೆದುಬಿಡುತ್ತಾರೆ. ಪ್ರೊಫೆಸರಿಗೆ ಗೊತ್ತಿರಬೇಕು.

ಕರಡಿನ ಚಿತ್ರದಲ್ಲಿದ್ದದ್ದು ಮುಷ್ಟಿ ಗಾತ್ರದ, ನುಣ್ಣನೆಯ ಸುರುಳಿ. 'ಹೊರಚಿಪ್ಪು ಉಳಿದಿದೆ, ನಯವಾಗಿದೆ, ಗುಳ್ಳೆಗಳಿಲ್ಲ, ಆದ್ದರಿಂದ ಹೊಸ ಪ್ರಭೇದ' ಎಂದು ಕೆಳಗೆ ತಮ್ಮ ಬರೆದಿದ್ದ. ಚಿಪ್ಪಕ್ಕ ಭೂತಗನ್ನಡಿ ಹಿಡಿದು ಒಂದು ನಿಮಿಷ ನೋಡಿದಳು. ಅಷ್ಟು ಸಾಕಾಯಿತು. ಅದು ತಿರುಳು. ಮೇಲೆ ಕಾಣುತ್ತಿದ್ದ ಪದರ ಚಿಪ್ಪಲ್ಲ, ಹರಳು. ಚಿಪ್ಪು ಕರಗಿ ಖಾಲಿಯಾದ ಸಂದಿನಲ್ಲಿ ನೀರು ಹರಿದು, ನೀರು ಕಾಯಿಸುವ ಪಾತ್ರೆಗೆ ಬಿಳಿ ಕಟ್ಟುವಂತೆ ಕಟ್ಟಿದ್ದು. ಹುಳು ಹೊಸದೂ ಅಲ್ಲ, ಏನೂ ಅಲ್ಲ. ಈ ಗಣಿಯಲ್ಲಿ ಕಾಲಿಟ್ಟಲ್ಲಿ ಸಿಗುವ ಗುಳ್ಳೆಸಾಲು. ಅದೂ ಅಪ್ಪ ಇಟ್ಟ ಅಡ್ಡಹೆಸರೇ.

ಆಮೇಲೆ ಅವಳು ಕೊನೆಯ ಪುಟಕ್ಕೆ ಹೋದಳು. 'ಮಾದರಿಗಳನ್ನು ತೊಳೆದುಕೊಟ್ಟ ಸಂಗ್ರಹಾಲಯದ ಸಿಬ್ಬಂದಿಗೆ ಕೃತಜ್ಞತೆಗಳು.'

ಅವಳ ಪಿತ್ತ ನೆತ್ತಿಗೇರಿತು. ಆರು ತಿಂಗಳ ಹಿಂದೆ ಅಮ್ಮನ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಅವಳು ರಜೆ ಹಾಕಿದ್ದ ವಾರ ತಮ್ಮ ಊರಿಗೆ ಬಂದಿದ್ದ. ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಒಂದು ಗಂಟೆ ಕೂತಿದ್ದ. ಇಲ್ಲಿ, ಅವಳ ಖಾನೆಗಳ ಮುಂದೆ, ಎರಡು ದಿನ ಕೂತಿದ್ದನೆಂಬುದು ಈಗ ಕ್ಯುರೇಟರ ಬಾಯಿಂದ ತಿಳಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ಇವನು ದೋಣಿಯಲ್ಲಿ ಕೂತಿರುವಾಗಲೇ ಅಂಬಿಗನನ್ನು ನೀರಿಗೆ ತಳ್ಳಿದ್ದ.

ಆದರೂ ಅವಳ ಹೊಟ್ಟೆ ಉರಿದದ್ದು ತನ್ನ ಹೆಸರು ಬಿಟ್ಟುಹೋದದ್ದಕ್ಕಲ್ಲ, ಅಪ್ಪನ ಹೆಸರು ಸೇರಿಹೋಗುವುದಕ್ಕೆ. ಈ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಒಮ್ಮೆ ಅಚ್ಚಾದ ಹೆಸರನ್ನು ಯಾರೂ ಅಳಿಸುವಂತಿಲ್ಲ. ತಪ್ಪೆಂದು ಗೊತ್ತಾದರೆ ಅದನ್ನು ಸರಿಯಾದ ಹೆಸರಿನ ಕೆಳಗೆ, ತಪ್ಪು ಹೆಸರುಗಳ ಸಾಲಿನಲ್ಲಿ, ಪುಸ್ತಕಗಳಿರುವವರೆಗೂ ಕೂರಿಸುತ್ತಾರೆ. ಇವತ್ತಲ್ಲ ನಾಳೆ ಯಾವನಾದರೂ ಒಬ್ಬ ಬಂದು ಖಾನೆ ತೆಗೆದು, ಇದು ತಿರುಳಲ್ಲವೇ ಎಂದು ನಗುತ್ತಾನೆ. ಇಪ್ಪತ್ತು ವರ್ಷ ಕಲ್ಲಿನ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತ ಮನುಷ್ಯನ ಹೆಸರು ಇಲ್ಲದ ಹುಳುವಿನ ಹೆಸರಾಗಿ ಉಳಿಯುತ್ತದೆ. ನಾಳೆ ಐದು ಗಂಟೆಯೊಳಗೆ ತಮ್ಮ ಲೇಖನ ಹಿಂತೆಗೆದುಕೊಳ್ಳದಿದ್ದರೆ ಅದು ಆಗಿಯೇ ತೀರುತ್ತದೆ.

ಅವಳು ಬ್ರಷ್ಷು ತೆಗೆದುಕೊಂಡಳು. ಕ್ಯುರೇಟರು ಮೆಟ್ಟಿಲು ಹತ್ತಿದರು.

ಸಂಜೆ ಮನೆಗೆ ಹೋಗುವಷ್ಟರಲ್ಲಿ ತಮ್ಮ ಬಂದು ಕೂತಿದ್ದ. ಅಮ್ಮ ಬೀರುವಿನಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು, ಹೊಸ ಕನ್ನಡಕ ಹಾಕಿಕೊಂಡು ಅವನ ಎದುರು ಕೂತಿದ್ದಳು. ಸುದ್ದಿ ಆಗಲೇ ಅವರ ಮನೆಯಿದ್ದ ಕಟ್ಟಡದ ಮೂರೂ ಮಹಡಿಗೆ ಹಬ್ಬಿತ್ತು. ಮೆಟ್ಟಿಲಲ್ಲಿ ಸಿಕ್ಕಿದ ಪಕ್ಕದ ಮನೆಯಾಕೆ ಚಿಪ್ಪಕ್ಕನ ಕೈಕುಲುಕಿ, ನಿಮ್ಮಪ್ಪ ಹುಳು ಆದರಂತೆ, ಬಹಳ ಸಂತೋಷ ಎಂದಿದ್ದಳು.

"ಪ್ರಪಂಚ ಇರೋವರೆಗೂ ಅಪ್ಪನ ಹೆಸರು ಇರುತ್ತಮ್ಮ," ಎನ್ನುತ್ತಿದ್ದ ತಮ್ಮ.

"ಇರುತ್ತೆ," ಎಂದಳು ಚಿಪ್ಪಕ್ಕ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ. "ತಪ್ಪುಗಳ ಪಟ್ಟೀಲಿ."

ಅಲ್ಲಿಂದ ಜಗಳ ಹೊತ್ತಿಕೊಂಡಿತು. ಅದು ತಿರುಳು ಎಂದು ಅವಳು, ಚಿಪ್ಪು ಎಂದು ಅವನು. ಹರಳಿನ ವಿಚಾರ ಅವಳು ಹೇಳಿದಳು, ಅಳತೆಗಳನ್ನು ಅವನು ಹೇಳಿದ. ಅವನ ದನಿಯಲ್ಲಿ ಮೊದಲು ಇದ್ದದ್ದು ತಾಳ್ಮೆ, ತರಗತಿಯಲ್ಲಿ ದಡ್ಡರಿಗೆ ತೋರಿಸುವಂಥದು. ಅದು ಅವಳ ಸಿಟ್ಟಿಗೆ ತುಪ್ಪ ಸುರಿಯಿತು. ಇಷ್ಟು ವರ್ಷ ಕಲ್ಲು ಮುಟ್ಟಿದ ಕೈ ಯಾವುದು, ಕಲ್ಲಿನ ಬಗ್ಗೆ ಬರೆದ ಕೈ ಯಾವುದು ಎಂದು ಕೇಳಿದಳು. ನಡುವೆ ಅಮ್ಮ ಇಬ್ಬರ ಮುಖವನ್ನೂ ನೋಡಿ, ಯಾವ ಕಲ್ಲು, ಆ ನಿಮ್ಮಪ್ಪ ಡಬ್ಬೀಲಿ ಹಾಕ್ಕೊಂಡು ಬಂದಿದ್ದ ದಪ್ಪ ಕಲ್ಲಾ ಎಂದು ಬಾಯಿ ಹಾಕಿದಳು.

"ಅಮ್ಮಾ, ನಿನಗೆ ಇದೆಲ್ಲ ಗೊತ್ತಾಗಲ್ಲ. ಸುಮ್ನಿರು," ಎಂದಳು ಚಿಪ್ಪಕ್ಕ.

ತಮ್ಮ ಕೊನೆಗೆ ಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟ. ಖಾನೆಯಲ್ಲಿದ್ದ ಚೀಟಿಯ ಫೋಟೋ.

ಈ ಚೀಟಿಗಳ ಕತೆಯನ್ನು ಹೇಳಲೇಬೇಕು. ಸಂಗ್ರಹಾಲಯದಲ್ಲಿ ಪ್ರತಿ ಕಲ್ಲಿನ ಕೆಳಗೂ ಒಂದು ಚೀಟಿ, ಪ್ರತಿ ಚೀಟಿಯಲ್ಲೂ ನಾಲ್ಕು ಸಾಲು: ಎಲ್ಲಿ ಸಿಕ್ಕಿತು, ಯಾರು ತಂದರು, ಏನದು, ಗುರುತಿಸಿದವರು ಯಾರು. ಮೊದಲ ಮೂರನ್ನು ಚಿಪ್ಪಕ್ಕ ಬರೆಯುತ್ತಾಳೆ. ನಾಲ್ಕನೆಯದಕ್ಕೆ ಪದವಿ ಇದ್ದವರ ಹೆಸರೇ ಆಗಬೇಕು, ಇಲ್ಲವಾದರೆ ಅಡ್ಡಗೆರೆ. ಅವಳು ಗುರುತಿಸಿದ ಮೂರು ಸಾವಿರ ಕಲ್ಲುಗಳ ಕೆಳಗೆ ಮೂರು ಸಾವಿರ ಅಡ್ಡಗೆರೆ ಇವೆ. ಶಂಖದಿಂದ ಬಂದರೇ ತೀರ್ಥ ಎಂಬ ಗಾದೆ ಕಟ್ಟಿದವನು ಒಮ್ಮೆ ಈ ನೆಲಮಾಳಿಗೆಗೆ ಬಂದು ಹೋಗಿರಬೇಕು ಎಂಬುದು ಅವಳ ಹಳೆಯ ತಮಾಷೆ. ಅದಕ್ಕೆ ಅವಳೇ ನಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

"ಇದು ಯಾರ ಕೈಬರಹ ಹೇಳು," ಎಂದ ತಮ್ಮ.

ಅವಳದೇ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಗುಂಡಗಿನ ಅಕ್ಷರ. 'ನಯವಾದ ಚಿಪ್ಪು ಉಳಿದಿದೆ. ಗುಳ್ಳೆಸಾಲು ಅಲ್ಲ. ಬೇರೆ.' ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಹರಳಿಗೂ ಚಿಪ್ಪಿಗೂ ವ್ಯತ್ಯಾಸ ತಿಳಿಯದ ಇಪ್ಪತ್ತಾರರ ಹುಡುಗಿ ಏನು ಧೈರ್ಯದಿಂದ ಬರೆದಿದ್ದಳೋ. ನಾಲ್ಕನೆಯ ಸಾಲಿನಲ್ಲಿ ಅಡ್ಡಗೆರೆ.

"ಬೇರೆ ಯಾರದಾದ್ರೂ ಚೀಟಿ ಆಗಿದ್ರೆ ನೂರು ಸಲ ಪರೀಕ್ಷೆ ಮಾಡ್ತಿದ್ದೆ ಅಕ್ಕ," ಎಂದ ತಮ್ಮ. "ನಿನ್ನದು ಅಂತ ಮಾಡ್ಲಿಲ್ಲ. ನಿನ್ನ ಕಣ್ಣನ್ನ ನಂಬಿದಷ್ಟು ನಾನು ಯಾರನ್ನೂ ನಂಬಿಲ್ಲ."

ಇಷ್ಟು ವರ್ಷ ಚಿಪ್ಪಕ್ಕ ಅವನ ಬಾಯಿಂದ ಕೇಳಬೇಕೆಂದಿದ್ದ ಮಾತು ಬಂದಿತ್ತು. ಬರಬಾರದ ಹೊತ್ತಿನಲ್ಲಿ, ಅವಳದೇ ತಪ್ಪಿನ ಕೆಳಗೆ ಸಹಿಯಾಗಿ ಬಂದಿತ್ತು.

"ನನ್ನದು ಅಂತ ಗೊತ್ತಿತ್ತಲ್ಲ. ಮತ್ತೆ ನನ್ನ ಹೆಸರೆಲ್ಲೋ?"

"ಚೀಟೀಲಿ ಗೆರೆ ಇತ್ತು. ಗೆರೆಗೆ ಥ್ಯಾಂಕ್ಸ್ ಹೇಳೋದು ಹೇಗೆ?"

ಅವನು ಅದನ್ನು ತಮಾಷೆಗೆಂದು ಹೇಳಿದ್ದ. ಹೇಳಿದ ಕ್ಷಣವೇ ತಪ್ಪಿದೆನೆಂದು ಅವನ ಮುಖವೇ ಹೇಳಿತು. ಚಿಪ್ಪಕ್ಕನ ಬಲಗೈ ಮೇಜಿನ ಮೇಲಿದ್ದ ಉಕ್ಕಿನ ಲೋಟದ ಹತ್ತಿರ ಹೋಗಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ಆ ಲೋಟವನ್ನು ಉಳಿಸಿತು, ತಮ್ಮನ ಮೂಗನ್ನೂ.

"ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಅಕ್ಕಾ, ಈ ಕಲ್ಲು ಏನು ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತು," ಎಂದು ಹೇಳಿ ಅವಳು ಮುಖ ತೊಳೆಯಲು ಬಚ್ಚಲುಮನೆಗೆ ಹೋದಳು.

ಅಲ್ಲಿ ನಲ್ಲಿ ಬಿಟ್ಟುಕೊಂಡು ಎಷ್ಟೋ ಹೊತ್ತು ನಿಂತಳು. ಅವನ ಮೇಲೆ ಸಿಟ್ಟು, ಇಪ್ಪತ್ತಾರರ ಆ ಹುಡುಗಿಯ ಮೇಲೆ ಸಿಟ್ಟು, ನೆಲಮಾಳಿಗೆಯ ನಿಯಮಗಳ ಮೇಲೆ ಸಿಟ್ಟು, ಅಳು ಬರುತ್ತಿರುವುದಕ್ಕೆ ಇನ್ನಷ್ಟು ಸಿಟ್ಟು. ಕಣ್ಣು ಮುಚ್ಚಿಕೊಂಡೇ ಸೋಪಿಗೆ ಕೈ ಹಾಕಿದಳು. ಸೋಪು ಸವೆದು ಚೂರಾಗಿತ್ತು. ಜಾರಿ ಕೆಳಗೆ ಬಿತ್ತು. ಅವಳ ಬೆರಳು ಸೋಪಿಡುವ ಕಲ್ಲಿನ ಹಳ್ಳಕ್ಕೆ ಇಳಿಯಿತು.

ಆ ಕಲ್ಲು ಅಲ್ಲಿ ಯಾವ ಕಾಲದಿಂದಲೋ ಇತ್ತು. ಮೂರು ಮನೆ ಬದಲಾಯಿಸಿದಾಗಲೂ ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ನಡುವೆ ಹಳ್ಳ, ಹಳ್ಳದ ತಳದಲ್ಲಿ ಒಂದು ಸಣ್ಣ ಬಿರುಕು. ನೀರು ಇಳಿದುಹೋಗಿ ಸೋಪು ಕರಗುವುದಿಲ್ಲ ಎಂಬುದು ಅಮ್ಮನ ಹೆಮ್ಮೆ. ಚಿಪ್ಪಕ್ಕನಿಗೆ ಅದು ಬಚ್ಚಲ ಸಾಮಾನು, ಅಷ್ಟೇ. ಹಳ್ಳದ ತುಂಬ ವರ್ಷಗಳ ಸೋಪು ಮೆತ್ತಿ ಬೆಣ್ಣೆಯಂತೆ ಕೂತಿತ್ತು. ಅದರಡಿಯಲ್ಲಿ ಅವಳ ತೋರುಬೆರಳಿಗೆ ಒಂದು ಗುಳಿ ಸಿಕ್ಕಿತು. ಅದರ ಪಕ್ಕ ಇನ್ನೊಂದು. ಅದರ ಪಕ್ಕ ಮತ್ತೊಂದು. ಒಂದೇ ಅಂತರದಲ್ಲಿ, ಸುರುಳಿಯಾಗಿ ತಿರುಗುತ್ತಾ ಹೋಗುವ ಗುಳಿಗಳ ಸಾಲು. ಚಿಪ್ಪಿನ ಮೇಲಿನ ಗುಳ್ಳೆ ಗೂಡಿನಲ್ಲಿ ಗುಳಿಯಾಗಿ ಮೂಡುತ್ತದೆ. ಕಣ್ಣು ತೆರೆಯುವ ಮೊದಲೇ ಬೆರಳು ಹೇಳಿಬಿಟ್ಟಿತ್ತು: ಗುಳ್ಳೆಸಾಲು.

ಮೂರು ಸಾವಿರ ಕಲ್ಲು ಗುರುತಿಸಿದವಳು ಇದರ ಮೇಲೆ ದಿನಾ ಎರಡು ಹೊತ್ತು ಸೋಪು ಇಟ್ಟಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ಅವಳು ಕಲ್ಲಿನ ಪಕ್ಕದ ಮೈಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಬೂದು ಕಲ್ಲಿನಲ್ಲಿ ಓರೆಯಾಗಿ ಒಂದು ಬಿಳಿ ಗೆರೆ ಕಾಣಿಸಿತು, ದಾರದಷ್ಟು ದಪ್ಪ. ಕರಡಿನ ಚಿತ್ರದಲ್ಲಿ ತಿರುಳಿನ ಬಾಯಿಯ ಹತ್ತಿರವೂ ಅಂಥದೇ ಒಂದು ಗೆರೆ ಇದ್ದದ್ದು ಅವಳಿಗೆ ನೆನಪಾಯಿತು. ಹೊರಗೆ ತಮ್ಮ ಹೊರಡುತ್ತೇನೆ ಎನ್ನುತ್ತಿದ್ದ. ಅವಳು ಬಾಗಿಲು ತೆರೆಯಲಿಲ್ಲ. ಖಚಿತವಾಗದೆ ಬಾಯಿ ಬಿಟ್ಟದ್ದರ ಫಲವನ್ನು ಆಗ ತಾನೇ ಮೇಜಿನ ಮೇಲೆ ನೋಡಿ ಬಂದಿದ್ದಳು.

ಮರುದಿನ ಬೆಳಿಗ್ಗೆ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಅಮ್ಮ, ಸೋಪು ಎಲ್ಲಿಡಲಿ ಎಂದು ಕೇಳಿದಳು. ತಟ್ಟೆಯಲ್ಲಿಡು ಎಂದಳು ಚಿಪ್ಪಕ್ಕ. ತಟ್ಟೆಯಲ್ಲಿ ನೀರು ನಿಲ್ಲುತ್ತದೆ ಎಂದು ಅಮ್ಮ ಹೇಳುತ್ತಿದ್ದದ್ದು ಮೆಟ್ಟಿಲಿಳಿಯುವವರೆಗೂ ಕೇಳಿಸುತ್ತಿತ್ತು.

ನೆಲಮಾಳಿಗೆಯಲ್ಲಿ ಅವಳು ಬಿಸಿನೀರಿನಲ್ಲಿ ಸೋಪನ್ನು ಕರಗಿಸಿದಳು, ಮರದ ಕಡ್ಡಿಯಿಂದ ಗುಳಿ ಗುಳಿಯನ್ನೂ ಬಿಡಿಸಿದಳು. ಆ ದಿನ ಬ್ರಷ್ಷಿನ ಸದ್ದೇ ಇರಲಿಲ್ಲ. ಅದು ಇನ್ನೂ ಕೆಟ್ಟ ಲಕ್ಷಣವೆಂದು ಮೇಲಿನವರು ಮಾತಾಡಿಕೊಂಡರು. ಕಲ್ಲು ಒಣಗಿದ ಮೇಲೆ ರಬ್ಬರ್ ಹಾಲನ್ನು ತೆಳ್ಳಗೆ ಬಳಿದಳು. ಕೂದಲು ಒಣಗಿಸುವ ಯಂತ್ರದಿಂದ ಗಾಳಿ ಹಿಡಿದು, ಒಣಗಿದ ಮೇಲೆ ಇನ್ನೊಂದು ಸಲ, ಮತ್ತೊಂದು ಸಲ ಬಳಿದಳು. ಅವಸರ ಮಾಡಿದರೆ ಒಳಗೆ ಗಾಳಿಗುಳ್ಳೆ ಕೂತು ಇಲ್ಲದ ಗುಳ್ಳೆ ಹುಟ್ಟಿಕೊಳ್ಳುತ್ತದೆ. ಗಡಿಯಾರ ನೋಡುತ್ತಾ, ಹಲ್ಲು ಕಚ್ಚಿಕೊಂಡು ಏಳು ಪದರ ಬಳಿದಳು.

ಮೂರೂವರೆಗೆ ಅಂಚು ಹಿಡಿದು ಎಳೆದಳು. ರಬ್ಬರು ಚರ್ಮ ಸುಲಿದಂತೆ ಬಂತು. ತಿರುಗಿಸಿ ಅಂಗೈ ಮೇಲಿಟ್ಟುಕೊಂಡರೆ ಎರಡು ಏಣುಗಳ ನಡುವೆ ಗುಳ್ಳೆಗಳ ಸಾಲು, ಎಣಿಸಿ ಇಟ್ಟಂತೆ, ತುದಿಯವರೆಗೆ. ಆಮೇಲೆ ನಲವತ್ತೊಂದನೆಯ ಖಾನೆಯಿಂದ ತಿರುಳು ತೆಗೆದು ಗೂಡಿಗೆ ಹಿಡಿದಳು. ತಿರುಳಿನ ಬಾಯಿಗೆ ಅಂಟಿದ್ದ ಕಲ್ಲಿನ ತುಂಡು, ಗೂಡಿನ ಮುರಿದ ಅಂಚಿಗೆ ಸರಿಯಾಗಿ ಕೂತಿತು. ಒಂದರ ಬಿಳಿ ಗೆರೆ ಇನ್ನೊಂದರ ಬಿಳಿ ಗೆರೆಗೆ ಕೂದಲೆಳೆಯಷ್ಟೂ ತಪ್ಪದೆ ಸೇರಿತು. ಎರಡರ ನಡುವೆ ಸುತ್ತಲೂ ತೆಳುವಾದ ಸಂದು ಉಳಿಯಿತು. ಆ ಸಂದಿನಲ್ಲೇ ಒಂದು ಕಾಲದಲ್ಲಿ ಚಿಪ್ಪು ಇತ್ತು.

ಗೆದ್ದ ಖುಷಿ ಬರಬೇಕಿತ್ತು. ಬಂದದ್ದು ಬೇರೆ ಯೋಚನೆ. ಚೀಟಿಯಲ್ಲಿ ಅವಳ ಹೆಸರಿಲ್ಲ. ತಮ್ಮನ ತಪ್ಪನ್ನು ಬಯಲು ಮಾಡಿ, ತನ್ನದನ್ನು ಅಡ್ಡಗೆರೆಯ ಹಿಂದೆ ಬಚ್ಚಿಟ್ಟುಬಿಡಬಹುದು. ಇಷ್ಟು ವರ್ಷ ಅವಳನ್ನು ನುಂಗಿದ್ದ ಗೆರೆ ಇವತ್ತು ಕಾಪಾಡುತ್ತೇನೆ ಎನ್ನುತ್ತಿತ್ತು. ಅವಳಿಗೆ ಅಸಹ್ಯವಾಯಿತು. ತಮ್ಮನಿಗೆ ಫೋನ್ ಮಾಡಿ ತಕ್ಷಣ ಬಾ ಎಂದಳು.

ಅವನು ಬಂದಾಗ ನಾಲ್ಕೂಕಾಲು. ಅಮ್ಮನನ್ನೂ ಕರೆದುಕೊಂಡು ಬಂದಿದ್ದ. ಅಪ್ಪನ ಹುಳು ಇರುವ ಖಾನೆಯನ್ನು ತೋರಿಸುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದನಂತೆ. ಅಮ್ಮ ನೆಲಮಾಳಿಗೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು, ಮಗಳು ಇಷ್ಟು ವರ್ಷ ಕೆಲಸ ಮಾಡಿದ ಕೋಣೆಯನ್ನು ಮೊದಲ ಸಲ ನೋಡಿದಳು. ಇಲ್ಲಿ ಕಿಟಕಿಯೇ ಇಲ್ಲವಲ್ಲ ಎಂದಳು. ಮಾತು ಕೇಳಿಸಿ ಕ್ಯುರೇಟರೂ ಇಳಿದು ಬಂದು ಬಾಗಿಲಲ್ಲಿ ನಿಂತರು.

ಚಿಪ್ಪಕ್ಕ ಬಚ್ಚಲಿನ ಸೋಪಿನ ಕಲ್ಲನ್ನು ಮೇಜಿನ ಮೇಲೆ ಅವನ ಮುಂದೆ ಸರಿಸಿದಳು. ರಬ್ಬರಿನ ಅಚ್ಚನ್ನು ತಮ್ಮನ ಅಂಗೈ ಮೇಲಿಟ್ಟಳು. ತಿರುಳನ್ನು ಗೂಡಿಗೆ ಕೂರಿಸಿ ತೋರಿಸಿದಳು. ಅವನು ದಡ್ಡನಲ್ಲ. ಬಿಳಿ ಗೆರೆ ನೋಡಿದ ಮೇಲೆ ಬೇರೇನೂ ನೋಡಬೇಕಾಗಲಿಲ್ಲ. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಆಮೇಲೆ ದನಿ ತಗ್ಗಿಸಿ, ಈ ಕಲ್ಲು ಇಲ್ಲಿರುವ ನಾಲ್ಕು ಜನರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದ. ಮತ್ತೆ ಬಚ್ಚಲಿಗೇ ಹೋದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ ಎಂದ. ಕ್ಯುರೇಟರು ಛಾವಣಿ ನೋಡಿದರು.

"ಅಪ್ಪನಿಗೆ ನಾನು ಏನೂ ಮಾಡ್ಲಿಲ್ಲ ಅಕ್ಕ. ಇದೊಂದಾದ್ರೂ ಇರ್ಲಿ ಬಿಡೆ."

ಬೇಡುತ್ತಿದ್ದ ಆ ದನಿ ಅವಳನ್ನು ಇನ್ನಷ್ಟು ಕೆರಳಿಸಿತು, ಯಾಕೆಂದರೆ ಅದು ನಿಜವಾಗಿತ್ತು. ಅಪ್ಪ ಕೆಮ್ಮುತ್ತಾ ಮಲಗಿದ್ದ ಒಂದೂವರೆ ವರ್ಷದಲ್ಲಿ ಇವನು ಬಂದದ್ದು ಎರಡು ಸಲ.

"ಬದುಕಿದ್ದಾಗ ನೋಡೋಕೆ ಬರದೇ ಇದ್ದದ್ದಕ್ಕೆ ಸತ್ತ ಮೇಲೆ ಸುಳ್ಳು ಹುಳು ಕಟ್ಟಿ ಕಳಿಸ್ತೀಯಾ? ನಾಳೆ ಯಾರಾದ್ರೂ ನಕ್ಕಾಗ ನಗೋದು ನಿನ್ನ ಹೆಸರಿಗಲ್ಲ ಕಣೋ, ಅಪ್ಪನ ಹೆಸರಿಗೆ." ಅವಳು ಚೀಟಿಯನ್ನು ಎತ್ತಿ ಹಿಡಿದಳು. "ಮೊದಲನೇ ತಪ್ಪು ನನ್ನದು. ಒಪ್ಕೊಂಡೆ, ಬರೆದೂ ಕೊಡ್ತೀನಿ. ಆದ್ರೆ ನನ್ನ ತಪ್ಪು ಇಷ್ಟು ವರ್ಷ ಒಂದು ಖಾನೇಲಿತ್ತು. ನೀನು ಅದನ್ನ ಊರಿಗೆಲ್ಲ ಹಂಚೋಕೆ ಹೊರಟಿದ್ದೀಯ. ನನ್ನನ್ನ ಒಂದು ಮಾತು ಕೇಳಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ."

"ಅಯ್ಯೋ, ಅವೆರಡೂ ಒಂದೇ ಕಲ್ಲಲ್ವೇ?" ಎಂದಳು ಅಮ್ಮ.

ಇಬ್ಬರೂ ತಿರುಗಿ ನೋಡಿದರು. ಅಮ್ಮ ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಮೇಜಿನ ಕಡೆ ಬಾಗಿದ್ದಳು.

ಅಪ್ಪ ಒಂದು ಮಧ್ಯಾಹ್ನ ಅದನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದನಂತೆ, ಡಬ್ಬಿಯ ಮುಚ್ಚಳ ಸೊಟ್ಟಗಾಗಿತ್ತಂತೆ. ಅಡುಗೆಮನೆಯ ಕಟ್ಟೆಯ ಮೇಲೆ ಸುತ್ತಿಗೆಯಿಂದ ಹದವಾಗಿ ಒಂದೇ ಏಟು ಹಾಕಿ ಬಿಡಿಸಿದ್ದನಂತೆ. ಆಮೇಲೆ ಒಂದರೊಳಗೆ ಒಂದನ್ನು ಕೂರಿಸಿ, ನೋಡು, ಇದು ಇದರೊಳಗಿಂದ ಬಂದದ್ದು ಎಂದು ತೋರಿಸಿದ್ದನಂತೆ. ದುಂಡಗಿದ್ದದ್ದನ್ನು ಮಗಳ ಆಫೀಸಿಗೆ ಕಳಿಸಿ, ಹಳ್ಳವಿದ್ದದ್ದನ್ನು ಹೆಂಡತಿಗೆ ಕೊಟ್ಟಿದ್ದ. ಸೋಪಿಡೋಕೆ ಚೆನ್ನಾಗಿರುತ್ತೆ ಇಟ್ಕೋ ಎಂದದ್ದು ಅವನೇ.

"ಗೊತ್ತಿದ್ರೆ ಯಾಕಮ್ಮಾ ಹೇಳ್ಲಿಲ್ಲ?" ಎಂದ ತಮ್ಮ.

"ನನ್ನನ್ನ ಯಾರಪ್ಪಾ ಕೇಳಿದ್ರಿ?" ಅಮ್ಮನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಇಷ್ಟು ವರ್ಷ ಆಯ್ತು, ಒಬ್ಬರೂ ಕೇಳ್ಲಿಲ್ಲ. ಕಣ್ಣಿನ ಆಪರೇಷನ್ ಆದಾಗ ಈ ಕಲ್ಲನ್ನ ತಡವಿ ತಡವಿ ಸೋಪು ಹುಡುಕ್ತಿದ್ದೆ. ನಿನ್ನೆ ಸಂಜೆ ನಾನೇ ಹೇಳೋಕೆ ಬಂದೆ. ನಿನಗೆ ಗೊತ್ತಾಗಲ್ಲ, ಸುಮ್ನಿರು ಅಂದ್ಲು ನಿಮ್ಮಕ್ಕ."

ಚಿಪ್ಪಕ್ಕ ಅಮ್ಮನ ಮುಖ ನೋಡಲಾರದೆ ಕಲ್ಲನ್ನು ನೋಡಿದಳು. ಕೇಳಲಿಲ್ಲ, ಕೇಳಲಿಲ್ಲ ಎಂದು ನಿನ್ನೆಯಿಂದ ತಮ್ಮನ ಮೇಲೆ ಎಸೆಯುತ್ತಿದ್ದ ಮಾತೆಲ್ಲ ಗೋಡೆಗೆ ಬಡಿದು ಅವಳ ಮೇಲೆಯೇ ಬಿದ್ದಿತ್ತು. ತನಗೆ ಅಡ್ಡಗೆರೆ ಎಳೆದವರನ್ನು ಶಪಿಸುತ್ತಾ ಇಪ್ಪತ್ತೇಳು ವರ್ಷ ಕಳೆದವಳು, ಮನೆಯಲ್ಲಿ ತಾನೇ ಒಂದು ಗೆರೆ ಎಳೆದಿದ್ದಳು. ಅದಕ್ಕೆ ಯಾವ ನಿಯಮವೂ ಇರಲಿಲ್ಲ.

ನಾಲ್ಕು ಮುಕ್ಕಾಲಿಗೆ ತಮ್ಮ ಮೇಲೆ ಹೋಗಿ ಕ್ಯುರೇಟರ ಕಂಪ್ಯೂಟರಿನಿಂದ ಪತ್ರಿಕೆಯವರಿಗೆ ಬರೆದ: ಲೇಖನವನ್ನು ಹಿಂತೆಗೆದುಕೊಂಡಿದ್ದೇನೆ. ಇಳಿದು ಬಂದಾಗ ಅವನ ಕಣ್ಣು ಕೆಂಪಗಿತ್ತು. ಅಕ್ಕನ ಮುಖ ನೋಡದೆ, ಕಳಿಸಿದೆ ಎಂದಷ್ಟೇ ಹೇಳಿ ಗೋಡೆಗೆ ಒರಗಿ ನಿಂತ. ಅವಳು ಅವನಿಗೆ ಸಮಾಧಾನ ಹೇಳಲಿಲ್ಲ. ಅಷ್ಟು ಬೇಗ ಆರುವ ಸಿಟ್ಟು ಅವರ ಮನೆತನದಲ್ಲೇ ಇಲ್ಲ.

ಸಂಗ್ರಹಾಲಯದಲ್ಲಿ ಹಳೆಯ ಚೀಟಿಯನ್ನು ಎಸೆಯುವುದಿಲ್ಲ. ಹೊಡೆದುಹಾಕಿ, ಹೊಸದರ ಕೆಳಗೆ ಇಡುತ್ತಾರೆ. ಚಿಪ್ಪಕ್ಕ ತನ್ನ ಗುಂಡಗಿನ ಅಕ್ಷರಗಳ ಮೇಲೆ ಒಂದು ಗೆರೆ ಎಳೆದು, 'ತಪ್ಪು. ಬರೆದವಳು ನಾನು' ಎಂದು ಬರೆದು ಸಹಿ ಹಾಕಿದಳು. ಆಮೇಲೆ ಹೊಸ ಚೀಟಿ ತೆಗೆದುಕೊಂಡಳು. ಎಲ್ಲಿ ಸಿಕ್ಕಿತು: ಸುಣ್ಣದ ಕಲ್ಲಿನ ಗಣಿ. ಯಾರು ತಂದರು ಎಂಬಲ್ಲಿ ಅಪ್ಪನ ಪೂರ್ತಿ ಹೆಸರು. ಏನದು: ಗುಳ್ಳೆಸಾಲು, ತಿರುಳು ಮತ್ತು ಗೂಡು, ಎರಡೂ ಒಂದೇ ಹುಳುವಿನವು. ಉಳಿದದ್ದು ನಾಲ್ಕನೆಯ ಸಾಲು, ಗುರುತಿಸಿದವರು ಯಾರು. ಅಲ್ಲಿ ಒಂದೊಂದೇ ಅಕ್ಷರ ಒತ್ತಿ ಅಮ್ಮನ ಹೆಸರು ಬರೆದಳು.

ಕ್ಯುರೇಟರು ಗಂಟಲು ಸರಿಮಾಡಿಕೊಂಡು, ಆ ಸಾಲಿಗೆ ನಿಯಮವೊಂದಿದೆಯಲ್ಲ ಎಂದು ಶುರುಮಾಡಿದರು. ಚಿಪ್ಪಕ್ಕ ತಲೆಯೆತ್ತಿ ನೋಡಿದಳು. ಅವರು ಮಾತನ್ನು ಅಲ್ಲಿಗೇ ಬಿಟ್ಟು ಮೆಟ್ಟಿಲು ಹತ್ತಿದರು.

ಅಮ್ಮ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ನಿಧಾನವಾಗಿ ಓದಿದಳು. ತನ್ನ ಹೆಸರು ಯಾಕೆ ಎಂದು ಕೇಳಿದಳು.

"ಮೊದಲು ಗುರುತಿಸಿದ್ದು ನೀನಲ್ವಾ," ಎಂದಳು ಚಿಪ್ಪಕ್ಕ.

ಅಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟಳು. "ಹೆಸರು ಬರೆದಿದ್ದು ಸರಿ. ಈಗ ಸೋಪು ಎಲ್ಲಿಡ್ಲಿ ಹೇಳು."

ಚಿಪ್ಪಕ್ಕ ಅಮ್ಮನಿಗೆ ಬೆನ್ನು ಹಾಕಿ ತೊಟ್ಟಿಯ ಮುಂದೆ ಹೋಗಿ ನಿಂತು, ಬ್ರಷ್ಷು ಕೈಗೆ ತೆಗೆದುಕೊಂಡಳು. ತೊಟ್ಟಿಯಲ್ಲಿ ತೊಳೆಯಲು ಒಂದು ಕಲ್ಲೂ ಉಳಿದಿರಲಿಲ್ಲ.